ಬ್ಯಾಂಕು, ಬೆಂಚು, ಕಟ್ಟೆ: ನಾನಾರ್ಥದ ವಿಚಾರ

ಭಾಷೆಯೊಂದರ ಸಂಪತ್ತನ್ನು ಪದಗಳ ಎಣಿಕೆಯಿಂದ ಅಳೆಯುವ ರೂಢಿ ಕನ್ನಡ ವಿದ್ವತ್‌ವಲಯದಲ್ಲಿ ಬಹುಕಾಲದಿಂದ ಬೇರೂರಿದೆ. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದಲ್ಲಿ ನಾಲ್ಕು ಪದಗಳು ದೊರೆತರೆ ಕನ್ನಡ ಶ್ರೀಮಂತವೆಂದು ಬೀಗುವವರಿದ್ದಾರೆ. ಒಂದೂ ದೊರೆಯದಿದ್ದರೆ ಕನ್ನಡ ಬಡವೆಂದು ಕೊರಗುವವರೂ ಇದ್ದಾರೆ. ಎರಡು ಪಕ್ಷಗಳೂ ಒಂದೇ ತಪ್ಪನ್ನು ಮಾಡುತ್ತವೆ. ಪದವೆಂಬುದು ಒಂದು ಅರ್ಥವನ್ನು ತುಂಬಿಟ್ಟ ಡಬ್ಬಿಯಲ್ಲ. ಅದು ಜನಜೀವನದ ಜೊತೆಯಲ್ಲಿ ನಡೆದುಬಂದಿರುತ್ತದೆ. ನಡೆದ ದಾರಿಯ ಧೂಳು ಅದಕ್ಕೆ ಅಂಟಿಕೊಂಡಿರುತ್ತದೆ. ಆ ದಾರಿಯನ್ನು ಗಮನಿಸದೆ ಅರ್ಥಗಳನ್ನು ಮಾತ್ರ ಎಣಿಸುವುದು ಊರನ್ನು ನೋಡದೆ ಮೈಲಿಗಲ್ಲುಗಳನ್ನು ಎಣಿಸಿದಂತೆ. ಇಂಗ್ಲಿಷಿನ ಅತಿ ಸಾಮಾನ್ಯವಾದ ಒಂದು ಪದವನ್ನು, ಎಂದರೆ ‘ಬ್ಯಾಂಕ್’ ಎಂಬುದನ್ನು ತೆಗೆದುಕೊಂಡು ಪರಿಶೀಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅದರ ಜೊತೆಗೆ, ಎರವಲು ಪದಗಳ ವಿಷಯದಲ್ಲಿ ಕನ್ನಡ ನಿಘಂಟುಕಾರ್ಯ ಹಿಡಿಯಬೇಕಾದ ದಾರಿ ಯಾವುದೆಂಬುದೂ ತಿಳಿಯುತ್ತದೆ.

‘ಬ್ಯಾಂಕ್’ ಎಂದರೆ ಇಂದಿನ ಕನ್ನಡಿಗನಿಗೆ ಹಣವಿಡುವ ಸಂಸ್ಥೆ. ಇಂಗ್ಲಿಷಿನಲ್ಲಿ ಅದು ನದಿಯ ದಡವೂ ಹೌದು. ಮಣ್ಣಿನ ದಿಬ್ಬವೂ ಹೌದು. ಮರಳಿನ, ಮೋಡದ, ಮಂಜಿನ ರಾಶಿಯೂ ಹೌದು. ಸಾಲಾಗಿ ಜೋಡಿಸಿದ ಗುಂಡಿಗಳ ಅಥವಾ ಹುಟ್ಟುಗಳ ಸಮೂಹವೂ ಹೌದು. ವಿಮಾನವು ತಿರುಗುವಾಗ ಒಂದು ಪಕ್ಕಕ್ಕೆ ಓರೆಯಾಗುವುದಕ್ಕೂ ಅದೇ ಪದ. ಒಲೆಯ ಕೆಂಡ ಆರದಂತೆ ಬೂದಿ ಮುಚ್ಚುವುದಕ್ಕೂ, ಒಬ್ಬರನ್ನು ನಂಬಿ ನೆಚ್ಚುವುದಕ್ಕೂ ಅದೇ ಕ್ರಿಯಾಪದ. ಇವೆಲ್ಲವೂ ಒಂದೇ ಪದದ ಹಲವು ಅರ್ಥಗಳೇ, ಅಥವಾ ಒಂದೇ ರೂಪ ತಳೆದ ಹಲವು ಪದಗಳೇ? ಭಾಷಾವಿಜ್ಞಾನದ ತರಗತಿಗಳಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವೊಂದುಂಟು. ದಡವೆಂಬ ಅರ್ಥದ ‘ಬ್ಯಾಂಕ್’ ಬೇರೆ, ಹಣದ ‘ಬ್ಯಾಂಕ್’ ಬೇರೆ; ಇವೆರಡೂ ಕೇವಲ ಸಮರೂಪ ಪದಗಳು ಎಂದು ಹೇಳಿ ಅಧ್ಯಾಪಕರು ಮುಂದೆ ಸಾಗುತ್ತಾರೆ. ಉತ್ತರ ತಪ್ಪಲ್ಲ, ಆದರೆ ಅಪೂರ್ಣ.

ದಡ ಅಥವಾ ದಿಬ್ಬವೆಂಬ ಅರ್ಥದ ಪದ ಸುಮಾರು 1200ರ ಹೊತ್ತಿಗೆ ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುತ್ತದೆ. ಅದು ಉತ್ತರದ ಸ್ಕ್ಯಾಂಡಿನೇವಿಯನ್ ಭಾಷೆಗಳಿಂದ ಬಂದುದು. ಹಣದ ಸಂಸ್ಥೆಯೆಂಬ ಅರ್ಥದ ಪದ ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಬಂದಿತು. ಅದರ ದಾರಿ ಇಟಲಿಯದು, ಫ್ರಾನ್ಸಿನದು. ಇಟಾಲಿಯನ್ ಭಾಷೆಯ ‘ಬಾಂಕಾ’ ಎಂದರೆ ಮೇಜು, ಮಣೆ, ಹಲಗೆ. ಇಟಲಿಯ ವ್ಯಾಪಾರೀ ನಗರಗಳಲ್ಲಿ ನಾಣ್ಯ ವಿನಿಮಯ ಮಾಡುತ್ತಿದ್ದವರು ಹಲಗೆಯೊಂದನ್ನು ಮುಂದಿಟ್ಟುಕೊಂಡು ಕುಳಿತಿರುತ್ತಿದ್ದರು. ಆ ಹಲಗೆಯ ಹೆಸರೇ ಅವರ ವೃತ್ತಿಯ ಹೆಸರಾಯಿತು. ವೃತ್ತಿಯ ಹೆಸರು ಸಂಸ್ಥೆಯ ಹೆಸರಾಯಿತು. ಸಾಲಾಗಿ ಜೋಡಿಸಿದ ವಸ್ತುಗಳೆಂಬ ಅರ್ಥದ ಪದಕ್ಕೆ ಮೂರನೆಯ ದಾರಿ: ಹಳೆಯ ಫ್ರೆಂಚಿನ ‘ಬಾಂಕ್’, ಎಂದರೆ ಹಡಗಿನಲ್ಲಿ ಹುಟ್ಟು ಹಾಕುವವರು ಕೂರುತ್ತಿದ್ದ ಉದ್ದನೆಯ ಆಸನ. ಹೀಗೆ ಮೂರು ಕಾಲಗಳಲ್ಲಿ, ಮೂರು ದಾರಿಗಳಲ್ಲಿ ಬಂದ ಪದಗಳು ಇಂಗ್ಲಿಷಿನಲ್ಲಿ ಒಂದೇ ರೂಪ ತಳೆದವು.

ಇಲ್ಲಿಗೆ ನಿಂತರೆ ತರಗತಿಯ ಉತ್ತರವೇ ಸರಿಯೆನಿಸುತ್ತದೆ. ಆದರೆ ಇನ್ನೂ ಹಿಂದಕ್ಕೆ ಹೋದಾಗ ಬೇರೊಂದು ಸಂಗತಿ ಗೋಚರವಾಗುತ್ತದೆ. ಇಟಾಲಿಯನ್ನರ ‘ಬಾಂಕಾ’ ಲ್ಯಾಟಿನ್ ಮೂಲದ್ದಲ್ಲ. ಅದು ಜರ್ಮಾನಿಕ್ ಭಾಷೆಗಳಿಂದ ದಕ್ಷಿಣಕ್ಕೆ ಇಳಿದುಬಂದ ಪದ. ಆ ಜರ್ಮಾನಿಕ್ ಮೂಲವೇ ಹಳೆಯ ಇಂಗ್ಲಿಷಿನಲ್ಲಿ ‘ಬೆಂಚ್’ ಆಗಿ ಉಳಿದಿದೆ. ದಡವೆಂಬ ಅರ್ಥದ ಪದವೂ ಅದೇ ಜರ್ಮಾನಿಕ್ ಬುಡಕ್ಕೆ ಸೇರಿದುದೆಂದು ನಿಷ್ಪತ್ತಿಶಾಸ್ತ್ರಜ್ಞರು ತಿಳಿಸುತ್ತಾರೆ. ನೆಲದಿಂದ ಮೇಲೆದ್ದು ಅಂಚುಳ್ಳ ಎತ್ತರವೇ ಎಲ್ಲದರ ಹಿಂದಿರುವ ಭಾವ. ಪ್ರಕೃತಿ ಮಾಡಿದ ಎತ್ತರ ದಡವಾಯಿತು; ಬಡಗಿ ಮಾಡಿದ ಎತ್ತರ ಬೆಂಚಾಯಿತು. ಎಂದಮೇಲೆ ಸಮರೂಪವೆಂದು ಬೇರ್ಪಡಿಸಿದ ಪದಗಳು ದೂರದ ದಾಯಾದಿಗಳು! ಮನೆ ಬಿಟ್ಟು ಬೇರೆ ಬೇರೆ ಊರುಗಳಲ್ಲಿ ಬೆಳೆದು, ಕೊನೆಗೆ ಒಂದೇ ಊರಿನಲ್ಲಿ ಒಬ್ಬರನ್ನೊಬ್ಬರು ಗುರುತಿಸದೆ ಬಾಳುತ್ತಿರುವ ದಾಯಾದಿಗಳು.

ಈ ಕುಟುಂಬದ ಇತರ ಸದಸ್ಯರೂ ಸ್ವಾರಸ್ಯಕರರು. ದಿವಾಳಿಯೆಂಬ ಅರ್ಥದ ‘ಬ್ಯಾಂಕ್ರಪ್ಟ್’ ಇಟಾಲಿಯನ್ನಿನ ‘ಮುರಿದ ಹಲಗೆ’ ಎಂಬ ನುಡಿಗಟ್ಟಿನಿಂದ ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಸಾಲ ತೀರಿಸಲಾರದ ವ್ಯಾಪಾರಿಯ ಹಲಗೆಯನ್ನು ಜನರು ನಿಜವಾಗಿಯೂ ಮುರಿದುಹಾಕುತ್ತಿದ್ದರೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಆದರೆ ಕಥೆ ಚೆನ್ನಾಗಿದೆಯೆಂಬುದು ನಿಷ್ಪತ್ತಿಗೆ ಆಧಾರವಾಗಲಾರದು. ಮುರಿಯುವುದೆಂಬುದು ವ್ಯವಹಾರ ಮುರಿದುಬೀಳುವುದಕ್ಕೆ ರೂಪಕವೂ ಆಗಿರಬಹುದು. ಕನ್ನಡದಲ್ಲಿಯೂ ‘ಮನೆ ಮುರಿಯಿತು’ ಎಂದಾಗ ಗೋಡೆ ಬಿದ್ದಿರಬೇಕಾಗಿಲ್ಲ. ಔತಣವೆಂಬ ಅರ್ಥದ ‘ಬ್ಯಾಂಕ್ವೆಟ್’ ಮೂಲತಃ ಪುಟ್ಟ ಮಣೆ. ಸಂತೆಯಲ್ಲಿ ಬೆಂಚಿನ ಮೇಲೆ ಹತ್ತಿನಿಂತು ಸರ್ವರೋಗಕ್ಕೂ ಮದ್ದು ಮಾರುತ್ತಿದ್ದ ಢೋಂಗಿಗೆ ‘ಮೌಂಟೆಬ್ಯಾಂಕ್’ ಎಂಬ ಹೆಸರು ಬಂದುದೂ ಇದೇ ಹಲಗೆಯಿಂದ.

ಕುಳಿತುಕೊಳ್ಳುವ ವಸ್ತು ಅಧಿಕಾರದ ಸಂಕೇತವಾಗುವುದು ಇಂಗ್ಲಿಷಿಗೆ ಮಾತ್ರ ಸೇರಿದ ಲಕ್ಷಣವಲ್ಲ. ನ್ಯಾಯಾಧೀಶರು ಕೂರುವ ಬೆಂಚು ನ್ಯಾಯಾಧೀಶರ ಸಮೂಹವೇ ಆಯಿತು. ಕನ್ನಡದಲ್ಲಿ ‘ಪೀಠ’ವೂ ಹಾಗೆಯೇ ಬೆಳೆಯಿತು. ಉಚ್ಚ ನ್ಯಾಯಾಲಯದ ಧಾರವಾಡ ಮತ್ತು ಕಲಬುರಗಿ ಪೀಠಗಳು 2008ರಲ್ಲಿ ಸಂಚಾರಿಯಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದಾಗ ಯಾರೂ ಅಲ್ಲಿ ಮಣೆಗಳನ್ನು ಹುಡುಕಲಿಲ್ಲ. ಮಠದ ಪೀಠ, ವಿಶ್ವವಿದ್ಯಾಲಯದ ಅಧ್ಯಯನ ಪೀಠ, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಕನ್ನಡ ಪೀಠ ಇವೆಲ್ಲವೂ ಒಂದೇ ರೂಪಕದ ಕುಡಿಗಳು. ಇನ್ನೂ ಹತ್ತಿರದ ಸಾಮ್ಯ ಬೇಕೆಂದರೆ ಮುಂಬಯಿಯ ಕನ್ನಡಿಗರು ದಿನವೂ ಕೇಳುವ ಮರಾಠಿ, ಗುಜರಾತಿಗಳ ‘ಪೇಢಿ’ ಎಂಬ ಪದವನ್ನು ನೋಡಬಹುದು. ಪೇಢಿ ಎಂದರೆ ಸಾಹುಕಾರನ ಗದ್ದಿ, ಲೇವಾದೇವಿಯ ಅಂಗಡಿ. ಅದನ್ನು ನಿಘಂಟುಕಾರರು ‘ಪೀಠ’ದ ಕುಟುಂಬಕ್ಕೇ ಸೇರಿಸುತ್ತಾರೆ. ಇಟಲಿಯ ವರ್ತಕನ ಹಲಗೆಯೂ ಪಶ್ಚಿಮ ಭಾರತದ ವರ್ತಕನ ಪೀಠವೂ ಪರಸ್ಪರ ಪರಿಚಯವಿಲ್ಲದೆ ಒಂದೇ ಅರ್ಥವನ್ನು ಮುಟ್ಟಿದವು. ಇದು ಎರವಲಲ್ಲ, ಮನುಷ್ಯನ ಮನಸ್ಸು ಕೆಲಸ ಮಾಡುವ ರೀತಿ.

‘ಬ್ಯಾಂಕ್’ ಕುಟುಂಬದ ಮೂವರು ಸದಸ್ಯರು ಭಾರತದ ಪಶ್ಚಿಮ ಕರಾವಳಿಗೆ ಬೇರೆ ಬೇರೆಯಾಗಿ ಬಂದಿಳಿದಿದ್ದಾರೆಂಬುದು ಗಮನಿಸತಕ್ಕ ಸಂಗತಿ. ಪೋರ್ಚುಗೀಸರ ‘ಬಾಂಕೊ’ ಕೊಂಕಣಿಯಲ್ಲಿ ‘ಬಾಂಕ’ ಆಗಿ, ಮರಾಠಿಯಲ್ಲಿ ‘ಬಾಕ’ ಆಗಿ, ಕೂರುವ ಆಸನವೆಂಬ ಅರ್ಥದಲ್ಲಿ ನೆಲೆನಿಂತಿತು. ಇಂಗ್ಲಿಷರ ‘ಬೆಂಚ್’ ಶಾಲೆಗಳ ಮೂಲಕ ಕನ್ನಡಕ್ಕೆ ‘ಬೆಂಚು’ ಆಗಿ ಬಂದಿತು. ಅದೇ ಇಂಗ್ಲಿಷರ ‘ಬ್ಯಾಂಕ್’ ವ್ಯಾಪಾರದ ಮೂಲಕ ‘ಬ್ಯಾಂಕು’ ಆಗಿ ಬಂದಿತು. ಮುಂಬಯಿಯ ಉದ್ಯಾನದಲ್ಲಿ ಮರಾಠಿಗನೊಬ್ಬನು ‘ಬಾಕ’ದ ಮೇಲೆ ಕುಳಿತು, ಪಕ್ಕದ ಕನ್ನಡಿಗನು ಅದನ್ನೇ ‘ಬೆಂಚು’ ಎಂದು ಕರೆದು, ಇಬ್ಬರೂ ‘ಬ್ಯಾಂಕಿ’ನ ವಿಚಾರ ಮಾತನಾಡುತ್ತಿದ್ದರೆ, ಒಂದೇ ಜರ್ಮಾನಿಕ್ ಪದ ಮೂರು ವೇಷಗಳಲ್ಲಿ ಅಲ್ಲಿ ಹಾಜರಿರುತ್ತದೆ. ಕರ್ನಾಟಕದ ಒಳಗೇ ಕುಳಿತು ನಿಘಂಟು ರಚಿಸುವವರ ಕಣ್ಣಿಗೆ ಸುಲಭವಾಗಿ ಬೀಳದ ಇಂತಹ ಸಂಬಂಧಗಳು ಹೊರನಾಡಿನ ಕನ್ನಡಿಗರಿಗೆ ನಿತ್ಯಾನುಭವ.

ಈಗ ಕನ್ನಡದ ಕಡೆಗೆ ತಿರುಗಬಹುದು. ‘ಬ್ಯಾಂಕ್’ ಪದದ ಮೊದಲ ಅರ್ಥಕ್ಕೆ ಕನ್ನಡದಲ್ಲಿ ಎಷ್ಟು ಪದಗಳಿವೆ ಎಂದು ಎಣಿಸುವುದು ಸುಲಭ: ದಡ, ದಂಡೆ, ಕರೆ, ತಟ, ತೀರ, ಏರಿ, ಬದು, ಒಡ್ಡು, ಕಟ್ಟೆ. ಆದರೆ ಇವು ಪರ್ಯಾಯ ಪದಗಳಲ್ಲ. ದಡ ಮತ್ತು ದಂಡೆ ನೀರು ತಾನಾಗಿ ಮಾಡಿಕೊಂಡ ಅಂಚುಗಳು. ಏರಿ ಕೆರೆಗೆ ಮನುಷ್ಯನು ಹಾಕಿದ ಅಡ್ಡಗಟ್ಟು. ಬದು ಹೊಲ ಹೊಲಗಳ ನಡುವೆ ಮಣ್ಣನ್ನೂ ನೀರನ್ನೂ ಹಿಡಿದಿಡುವ ಏರು. ಕೆರೆಗೆ ಬದುವಿರುವುದಿಲ್ಲ, ಹೊಲಕ್ಕೆ ಏರಿಯಿರುವುದಿಲ್ಲ. ಇಂಗ್ಲಿಷ್ ಒಂದೇ ಪದದಿಂದ ನಿಭಾಯಿಸುವುದನ್ನು ಕನ್ನಡ ವಿಂಗಡಿಸಿ ಹೇಳುತ್ತದೆ. ಮಳೆಯನ್ನು ನಂಬಿ, ಕೆರೆ ಕಟ್ಟಿ ಬೇಸಾಯ ಮಾಡಿದ ಸಮಾಜಕ್ಕೆ ಈ ವಿಂಗಡಣೆ ಬದುಕಿನ ಅಗತ್ಯವಾಗಿತ್ತು. ಚೆನ್ನೈಯ ಕನ್ನಡಿಗರು ಇನ್ನೊಂದು ಸೂಕ್ಷ್ಮವನ್ನು ಬಲ್ಲರು. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆಯೇ. ಕನ್ನಡದಲ್ಲಿ ಕೆರೆಯ ಕಟ್ಟೆ. ಒಂದೇ ದ್ರಾವಿಡ ಪದವನ್ನು ಒಂದು ಭಾಷೆ ನೀರಿಗೂ ಇನ್ನೊಂದು ಭಾಷೆ ನೀರನ್ನು ತಡೆದ ಮಣ್ಣಿಗೂ ಅನ್ವಯಿಸಿತು.

ಸಮರೂಪತೆಯ ಸಮಸ್ಯೆ ಕನ್ನಡಕ್ಕೂ ಹೊಸತಲ್ಲ. ದಡವೆಂಬ ಅರ್ಥದ ‘ಕರೆ’ಯನ್ನೇ ನೋಡಬಹುದು. ಕೂಗುವುದು, ಹಾಲು ಹಿಂಡುವುದು, ಕಲೆ, ತೀರ ಈ ನಾಲ್ಕೂ ಅರ್ಥಗಳು ಇಂದಿನ ಬರಹದಲ್ಲಿ ‘ಕರೆ’ ಎಂಬ ಒಂದೇ ರೂಪದಲ್ಲಿ ಕಾಣಿಸುತ್ತವೆ. ಹಳಗನ್ನಡವನ್ನು ಓದಿದವರಿಗೆ ಮಾತ್ರ ಹಾಲು ಕರೆಯುವುದೂ ಕಲೆಯೂ ಶಕಟರೇಫವುಳ್ಳ ‘ಕಱೆ’ ಎಂಬುದು, ಕೂಗುವುದೂ ತೀರವೂ ಸಾಮಾನ್ಯ ರೇಫದ ‘ಕರೆ’ ಎಂಬುದು ಗೊತ್ತು. ಶಕಟರೇಫ ಬಳಕೆಯಿಂದ ಬಿದ್ದುಹೋದಾಗ ಬೇರೆ ಬೇರೆ ಪದಗಳು ಒಂದರ ಮೇಲೊಂದು ಬಂದು ಕುಳಿತವು. ಇದನ್ನು ತಿಳಿಯದ ವಿದ್ಯಾರ್ಥಿ ‘ಕರೆ’ಯನ್ನು ನಾಲ್ಕು ಅರ್ಥಗಳುಳ್ಳ ಒಂದು ಪದವೆಂದು ಬರೆದರೆ ತಪ್ಪು ಅವನದಲ್ಲ; ಇತಿಹಾಸವನ್ನು ಬಿಟ್ಟು ಅರ್ಥಪಟ್ಟಿಯನ್ನು ಮಾತ್ರ ಕೊಡುವ ಕೈಗನ್ನಡಿಗಳದು. ಹಳಗನ್ನಡದ ಅಧ್ಯಯನ ಇಂದಿನ ಕನ್ನಡಕ್ಕೆ ಏಕೆ ಬೇಕು ಎಂದು ಕೇಳುವವರಿಗೆ ಈ ಒಂದು ಪದವೇ ಸಾಕಷ್ಟು ಉತ್ತರ.

ಇನ್ನು ‘ಕಟ್ಟೆ’. ಈ ಲೇಖನದ ಮುಖ್ಯ ಮಾತು ಇರುವುದು ಇಲ್ಲಿ. ‘ಕಟ್ಟು’ ಧಾತುವಿನಿಂದ ಹುಟ್ಟಿದ ಈ ನಾಮಪದ ನೀರನ್ನು ತಡೆಯುವ ಅಡ್ಡಗಟ್ಟು. ‘ಕೆರೆಕಟ್ಟೆ’ ಎಂಬ ಜೋಡುನುಡಿ ಇದಕ್ಕೆ ಸಾಕ್ಷಿ. ಅದೇ ಪದ ಅರಳಿಮರದ ಸುತ್ತಲಿನ ಜಗಲಿ. ಕುಳಿತು ಹರಟುವ ಹರಟೆಕಟ್ಟೆ. ಹಿರಿಯರು ಸೇರಿ ತೀರ್ಮಾನ ಹೇಳುವ ಪಂಚಾಯಿತಿ ಕಟ್ಟೆ. ಅಲ್ಲಿಂದ ಮುಂದೆ ಹೋಗಿ ಅದು ಹಣ ಕೈಬದಲಾಗುವ ಸ್ಥಳವಾಯಿತು: ದಾರಿಯಲ್ಲಿ ಸುಂಕ ವಸೂಲು ಮಾಡುತ್ತಿದ್ದ ಸುಂಕದಕಟ್ಟೆ. ಆಧುನಿಕ ಪ್ರಜಾಪ್ರಭುತ್ವದಲ್ಲಿ ಅದಕ್ಕೆ ಇನ್ನೊಂದು ಅರ್ಥ ಕೂಡಿತು: ಮತಗಟ್ಟೆ. ನೀರಿನ ಅಂಚು, ಕೂರುವ ಎತ್ತರ, ನ್ಯಾಯದ ಸ್ಥಾನ, ಹಣದ ಸ್ಥಾನ, ಮತದ ಸ್ಥಾನ: ಇಂಗ್ಲಿಷಿನಲ್ಲಿ ‘ಬ್ಯಾಂಕ್’ ಮತ್ತು ‘ಬೆಂಚ್’ ಎಂಬ ದಾಯಾದಿಗಳು ಹಂಚಿಕೊಂಡ ಅರ್ಥಕ್ಷೇತ್ರದ ಬಹುಭಾಗವನ್ನು ಕನ್ನಡದಲ್ಲಿ ‘ಕಟ್ಟೆ’ ಒಂದೇ ಹೊತ್ತುಕೊಂಡಿದೆ. ಅಷ್ಟೇ ಅಲ್ಲ, ಅದರ ಧಾತುವೂ ಹಣದ ವ್ಯವಹಾರಕ್ಕೆ ಇಳಿದಿದೆ. ಕನ್ನಡಿಗನು ಕಂದಾಯ ಕಟ್ಟುತ್ತಾನೆ, ಶುಲ್ಕ ಕಟ್ಟುತ್ತಾನೆ, ಬ್ಯಾಂಕಿಗೆ ಹಣ ಕಟ್ಟುತ್ತಾನೆ. ಕೆರೆಗೆ ಏರಿ ಕಟ್ಟುವ ಕ್ರಿಯಾಪದವೇ ಅಲ್ಲಿಯೂ ಇದೆ.

ಈ ಸಾಮ್ಯವನ್ನು ಕಂಡು ‘ಕಟ್ಟೆ’ಗೂ ‘ಬ್ಯಾಂಕ್’ಗೂ ರಕ್ತಸಂಬಂಧ ಕಲ್ಪಿಸುವ ಉತ್ಸಾಹ ಯಾರಿಗೂ ಬರಬಾರದು. ಧ್ವನಿಸಾಮ್ಯವೋ ಅರ್ಥಸಾಮ್ಯವೋ ಕಂಡೊಡನೆ ಜಗತ್ತಿನ ಭಾಷೆಗಳನ್ನೆಲ್ಲ ಕನ್ನಡದಿಂದ ಹುಟ್ಟಿಸುವ ಲೇಖನಗಳು ಕನ್ನಡದಲ್ಲಿ ಕಡಮೆಯಿಲ್ಲ. ಅವು ಅಭಿಮಾನಕ್ಕೂ ಉಪಕಾರ ಮಾಡುವುದಿಲ್ಲ, ವಿದ್ವತ್ತಿಗೂ ಮಾಡುವುದಿಲ್ಲ. ಇಲ್ಲಿರುವುದು ವಂಶಸಾಮ್ಯವಲ್ಲ, ಅರ್ಥವಿಕಾಸದ ಸಾಮ್ಯ. ಅದರ ಬೆಲೆ ಇರುವುದೂ ಅಲ್ಲಿಯೇ. ಮಿಶೆಲ್ ಬ್ರೆಯಾಲ್ ಎಂಬ ಫ್ರೆಂಚ್ ವಿದ್ವಾಂಸನು 1897ರಲ್ಲಿ ಅನೇಕಾರ್ಥತೆಗೆ ಶಾಸ್ತ್ರೀಯ ಹೆಸರೊಂದನ್ನು ಕೊಟ್ಟು, ಅದನ್ನು ಭಾಷೆಯ ದೋಷವೆಂದಲ್ಲದೆ ಬೆಳವಣಿಗೆಯ ಗುರುತೆಂದು ಕಂಡನು. ಭಾರತೀಯ ಪರಂಪರೆಗೆ ಈ ವಿಚಾರ ಅಪರಿಚಿತವಾಗಿರಲಿಲ್ಲ. ಅಮರಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗವಿದೆ. ಕನ್ನಡದಲ್ಲಿ ಮಂಗರಾಜನ ‘ಅಭಿನವಾಭಿಧಾನ’ 1398ರದು. ದೇವೋತ್ತಮನ ‘ನಾನಾರ್ಥ ರತ್ನಾಕರ’ವಂತೂ ಹೆಸರಿನಿಂದಲೇ ತನ್ನ ವಿಷಯವನ್ನು ಸಾರುತ್ತದೆ. ಹಲವು ಅರ್ಥಗಳುಳ್ಳ ಪದದ ಒಂದು ಅರ್ಥ ನಿಶ್ಚಯವಾಗುವುದು ಹೇಗೆಂಬುದಕ್ಕೆ ಭರ್ತೃಹರಿ ಸಂಸರ್ಗ, ಸಾಹಚರ್ಯ, ವಿರೋಧ, ಪ್ರಕರಣ ಮೊದಲಾದ ನಿಯಾಮಕಗಳನ್ನು ಹೇಳಿದನು. ಊಟಕ್ಕೆ ಕುಳಿತವನು ‘ಸೈಂಧವ’ವನ್ನು ಕೇಳಿದರೆ ಉಪ್ಪು, ಪಯಣಕ್ಕೆ ಹೊರಟವನು ಕೇಳಿದರೆ ಕುದುರೆ ಎಂಬ ಶಾಸ್ತ್ರದ ಹಳೆಯ ಉದಾಹರಣೆ ‘ಬ್ಯಾಂಕ್’ಗೂ ಹಾಗೆಯೇ ಹೊಂದುತ್ತದೆ.

ಪ್ರಕರಣವನ್ನು ಮರೆತಾಗ ಏನಾಗುತ್ತದೆಂಬುದಕ್ಕೆ ಕನ್ನಡ ಪತ್ರಿಕೆಗಳಲ್ಲಿಯೇ ನಿದರ್ಶನವುಂಟು. ಜೋರ್ಡಾನ್ ನದಿಯ ಪಶ್ಚಿಮದ ಪ್ರದೇಶವನ್ನು ‘ವೆಸ್ಟ್ ಬ್ಯಾಂಕ್’ ಎಂದೇ ಬರೆಯುವುದುಂಟು. ಹಾಗೆ ಬರೆದಾಗ ನದಿ ಮಾಯವಾಗುತ್ತದೆ. ಹೊಸ ಓದುಗನಿಗೆ ಅದು ಯಾವುದೋ ಹಣಕಾಸಿನ ಸಂಸ್ಥೆಯ ಹೆಸರಿನಂತೆ ಕೇಳಿಸುತ್ತದೆ. ‘ಪಶ್ಚಿಮ ದಂಡೆ’ ಎಂದು ಬರೆದರೆ ಆ ನೆಲದ ಭೂಗೋಳವೂ ಅದರೊಡನೆ ಅಲ್ಲಿಯ ಕಲಹದ ಒಂದಂಶವೂ ತಿಳಿಯುತ್ತವೆ. ಕನ್ನಡಕ್ಕೆ ಈ ಶಕ್ತಿಯಿಲ್ಲವೆಂದು ಹೇಳುವಂತಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ, ಬಲದಂಡೆ ಕಾಲುವೆಗಳನ್ನು ನೀರಾವರಿ ಇಲಾಖೆಯವರೂ ರೈತರೂ ಯಾವ ಪಾರಿಭಾಷಿಕ ಸಮಿತಿಯ ಹಂಗಿಲ್ಲದೆ ಬಳಸುತ್ತ ಬಂದಿದ್ದಾರೆ. ಹೊಲಕ್ಕೆ ನೀರು ಹಾಯಿಸುವವನ ಕನ್ನಡ ಎಡವದ ಕಡೆ ಸುದ್ದಿ ಬರೆಯುವವನ ಕನ್ನಡ ಎಡವುತ್ತದೆಯೆಂದರೆ ಕೊರತೆ ಭಾಷೆಯಲ್ಲಿಲ್ಲ, ಬಳಸುವವರ ಗಮನದಲ್ಲಿದೆ.

ಹಣದ ಅರ್ಥದ ‘ಬ್ಯಾಂಕು’ ಕನ್ನಡದಲ್ಲಿ ನೆಲೆನಿಂತ ಬಗೆಯೂ ಪರಿಶೀಲನಾರ್ಹ. ಅದು ಉಕಾರವನ್ನು ಪಡೆದು ‘ಬ್ಯಾಂಕಿಗೆ’, ‘ಬ್ಯಾಂಕಿನಲ್ಲಿ’, ‘ಬ್ಯಾಂಕುಗಳು’ ಎಂದು ಕನ್ನಡದ ವಿಭಕ್ತಿ, ವಚನಗಳಿಗೆ ಪೂರ್ಣವಾಗಿ ಒಳಪಟ್ಟಿದೆ. ಅದರ ಸುತ್ತ ನೆರೆದ ಪದಗಳ ಕುಲವನ್ನು ವಿಚಾರಿಸಿದರೆ ‘ಸಾಲ’ ದೇಶ್ಯ, ‘ಬಡ್ಡಿ’ ಸಂಸ್ಕೃತದ ‘ವೃದ್ಧಿ’ಯ ತದ್ಭವ, ‘ಜಮಾ’, ‘ಜಾಮೀನು’ ಅರಬ್ಬಿಯಿಂದ ಬಂದವು, ‘ರಸೀದಿ’ ಪಾರಸಿಯಿಂದ, ‘ಠೇವಣಿ’ ಮರಾಠಿಯ ನೆರೆಯಿಂದ. ಕೇಶಿರಾಜನು ಅಪಭ್ರಂಶ ಪ್ರಕರಣವನ್ನು ಇಂದು ಬರೆಯುವುದಾದರೆ ಬ್ಯಾಂಕಿನ ಒಂದು ಚಲನ್ ಅವನಿಗೆ ಸಾಕಷ್ಟು ಸಾಮಗ್ರಿ ಒದಗಿಸುತ್ತಿತ್ತು.

ದಕ್ಷಿಣ ಕನ್ನಡ ಮತ್ತು ಉಡುಪಿಯ ನೆಲ ‘ಬ್ಯಾಂಕು’ ಪದಕ್ಕೆ ಕೊಟ್ಟ ಬಾಳು ವಿಶೇಷವಾದುದು. ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಸಂಸ್ಥೆ ಮೊದಲು ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’; 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. 1906ರಲ್ಲಿಯೇ ಉಡುಪಿಯಲ್ಲಿ ಹುಟ್ಟಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮುಂದಿನ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. ಮುಂಬಯಿಗೆ ಹೋದ ಕರಾವಳಿಯವರು ಈ ಪದವನ್ನೂ ಅದರ ಹಿಂದಿನ ಶಿಸ್ತನ್ನೂ ಜೊತೆಗೆ ಒಯ್ದರು. ಬಿಲ್ಲವರ ಸಂಘಟನೆಯಿಂದ 1978ರಲ್ಲಿ ಮೂಡಿಬಂದ ಭಾರತ್ ಸಹಕಾರಿ ಬ್ಯಾಂಕು ಅದಕ್ಕೊಂದು ನಿದರ್ಶನ. ‘ಫಂಡ್’ ಎಂಬ ಹೆಸರಿಗೂ ಇತಿಹಾಸವಿದೆ. ಮದ್ರಾಸಿನಲ್ಲಿ 1872ರಲ್ಲಿಯೇ ಮೈಲಾಪುರ ಹಿಂದೂ ಪರ್ಮನೆಂಟ್ ಫಂಡ್ ಇತ್ತು; ಅಂತಹ ಪರಸ್ಪರ ಸಹಾಯದ ಸಂಸ್ಥೆಗಳಿಗೆ ‘ನಿಧಿ’ ಎಂಬ ಹೆಸರು ಕಾನೂನಿನಲ್ಲಿಯೂ ಉಳಿದಿದೆ. ಭೂಮಿಯಲ್ಲಿ ಹೂತಿಟ್ಟ ಸಂಪತ್ತೆಂಬ ಅರ್ಥದ ‘ನಿಧಿ’ ಹತ್ತು ಜನರ ಕೈಯಲ್ಲಿ ತಿರುಗುವ ಹಣವಾಯಿತು.

ಸಿಂಡಿಕೇಟ್ ಬ್ಯಾಂಕಿನ ಪೂರ್ವಸಂಸ್ಥೆ 1928ರಲ್ಲಿ ಮನೆಮನೆಗೂ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುವ ಯೋಜನೆಯನ್ನು ಆರಂಭಿಸಿ ಅದಕ್ಕೆ ‘ಪಿಗ್ಮಿ’ ಎಂದು ಹೆಸರಿಟ್ಟಿತು. ಗ್ರೀಕ್ ಭಾಷೆಯಲ್ಲಿ ಮುಷ್ಟಿಯ ಅಳತೆಗೆ ಸಂಬಂಧಿಸಿ ಹುಟ್ಟಿ, ಇಂಗ್ಲಿಷಿನಲ್ಲಿ ಕುಳ್ಳರಿಗೆ ಹೆಸರಾಗಿದ್ದ ಈ ಪದ ಕನ್ನಡನಾಡಿನಲ್ಲಿ ದಿನದ ಉಳಿತಾಯವೆಂಬ ಅರ್ಥವನ್ನು ಪಡೆಯಿತು. ‘ಪಿಗ್ಮಿ ಕಟ್ಟುವುದು’, ‘ಪಿಗ್ಮಿಯವರು ಬಂದರು’ ಎಂಬ ಮಾತುಗಳು ಅಂಗಡಿಕಾರರಿಗೂ ಮೀನು ಮಾರುವವರಿಗೂ ಸಹಜ ಕನ್ನಡ. ಲಂಡನ್ನಿನ ಯಾವ ನಿವಾಸಿಗೂ ಈ ಅರ್ಥ ತಿಳಿಯದು. ಎಂದಮೇಲೆ ಆ ಪದ ಇಂಗ್ಲಿಷಿನದೇ, ಕನ್ನಡದ್ದೇ? ರೂಪ ಎಲ್ಲಿಂದ ಬಂದರೇನು, ಅರ್ಥ ಹುಟ್ಟಿದ್ದು ಇಲ್ಲಿ.

ಅರ್ಥ ಇಲ್ಲಿ ಹುಟ್ಟಿ ಇಂಗ್ಲಿಷಿಗೇ ಹೋದುದಕ್ಕೂ ಉದಾಹರಣೆಯಿದೆ. ‘ವೋಟ್ ಬ್ಯಾಂಕ್’ ಎಂಬ ನುಡಿಯನ್ನು ಬಳಕೆಗೆ ತಂದವರೆಂದು ಸಾಮಾನ್ಯವಾಗಿ ಗುರುತಿಸಲ್ಪಡುವವರು ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು, 1955ರಲ್ಲಿ ಪ್ರಕಟವಾದ, ಮೈಸೂರು ಸೀಮೆಯ ಹಳ್ಳಿಯೊಂದನ್ನು ಕುರಿತ ಪ್ರಬಂಧದಲ್ಲಿ ಅದು ಕಾಣಿಸಿಕೊಂಡಿತು. ಊರಿನ ಪ್ರಬಲನೊಬ್ಬನು ತನ್ನ ಆಶ್ರಿತರ ಮತಗಳನ್ನು ಕೈಯಲ್ಲಿಟ್ಟುಕೊಂಡು ಅಭ್ಯರ್ಥಿಗೆ ಒದಗಿಸುವುದು ಅಲ್ಲಿಯ ಅರ್ಥ. ಬರುಬರುತ್ತ ಒಡೆಯನು ಹಿಂದೆ ಸರಿದು, ಜಾತಿ ಅಥವಾ ಮತದ ಸಮುದಾಯವೇ ‘ಬ್ಯಾಂಕ್’ ಎನಿಸಿಕೊಂಡಿತು. ಮೊದಲು ಬಲಶಾಲಿಯನ್ನು ಕುರಿತ ವಿಮರ್ಶೆಯಾಗಿದ್ದ ಮಾತು ಈಗ ಬಹುಮಟ್ಟಿಗೆ ದುರ್ಬಲರನ್ನು ಮೂದಲಿಸುವ ಮಾತಾಗಿದೆ. ಅರ್ಥಾಂತರವೆಂಬುದು ನಿರಪಾಯಕಾರಿ ಶಾಸ್ತ್ರವಿಷಯವಲ್ಲ, ಅದರಲ್ಲಿ ಸಮಾಜದ ಅಧಿಕಾರದ ಕಥೆಯೂ ಅಡಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಾಗಿಲ್ಲ. ‘ಮತಗಟ್ಟೆ’ಯಲ್ಲಿ ಪ್ರತಿಯೊಬ್ಬನೂ ಒಬ್ಬನಾಗಿ ನಿಲ್ಲುತ್ತಾನೆ, ‘ವೋಟ್ ಬ್ಯಾಂಕಿ’ನಲ್ಲಿ ಅವನು ಮೊತ್ತದಲ್ಲಿ ಕರಗುತ್ತಾನೆ.

ವೈದ್ಯಕೀಯದಲ್ಲಿ ಇದೇ ರೂಪಕ ಉದಾತ್ತವಾಯಿತು. 1937ರಲ್ಲಿ ಷಿಕಾಗೋದ ಆಸ್ಪತ್ರೆಯೊಂದರಲ್ಲಿ ಬರ್ನಾರ್ಡ್ ಫ್ಯಾಂಟಸ್ ಎಂಬ ವೈದ್ಯರು ರಕ್ತಸಂಗ್ರಹದ ವ್ಯವಸ್ಥೆಗೆ ‘ಬ್ಲಡ್ ಬ್ಯಾಂಕ್’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಅದು ‘ರಕ್ತನಿಧಿ’. ಪ್ರಶ್ನೆಗಳ ಸಂಗ್ರಹವಾದರೆ ‘ಪ್ರಶ್ನಕೋಶ’ ಅಥವಾ ‘ಪ್ರಶ್ನಭಂಡಾರ’. ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದವನ್ನು ಗೊತ್ತುಮಾಡಬೇಕೆಂದು ವಾದಿಸುವವರಿಗೆ ಇದು ಅರಾಜಕತೆಯಂತೆ ಕಾಣುತ್ತದೆ. ವಾಸ್ತವವಾಗಿ ಇಲ್ಲಿ ವಿವೇಕವಿದೆ. ‘ನಿಧಿ’ಯಲ್ಲಿ ಅಮೂಲ್ಯವೆಂಬ ಗೌರವವಿದೆ, ದಾನವಾಗಿ ಬಂದ ರಕ್ತಕ್ಕೆ ಅದು ತಕ್ಕುದು. ‘ಕೋಶ’ದಲ್ಲಿ ಕ್ರಮಬದ್ಧ ಸಂಗ್ರಹದ ಭಾವವಿದೆ, ಶಬ್ದಕೋಶದ ನೆನಪೂ ಇದೆ. ‘ಭಂಡಾರ’ದಲ್ಲಿ ಬಸವಣ್ಣನವರು ಭಂಡಾರಿಯಾಗಿದ್ದ ಕಾಲದಿಂದ ಸಾರ್ವಜನಿಕ ಸ್ವತ್ತಿನ ಹೊಣೆಯ ಧ್ವನಿಯಿದೆ. ಪದಕ್ಕೆ ಪದವನ್ನಿಟ್ಟು ಕೈತೊಳೆದುಕೊಳ್ಳದೆ ಸಂದರ್ಭಕ್ಕೆ ಪದವನ್ನು ಹುಡುಕಿದ ಅನುವಾದಕರ ಶ್ರಮ ಇದರ ಹಿಂದಿದೆ. ಯಂತ್ರಗಳೇ ಅನುವಾದ ಮಾಡುತ್ತಿರುವ ಈ ಕಾಲದಲ್ಲಿ ಆ ಶ್ರಮದ ಬೆಲೆ ಹೆಚ್ಚಿದೆಯೇ ಹೊರತು ಕಡಮೆಯಾಗಿಲ್ಲ. ಯಂತ್ರಕ್ಕೆ ಕಲಿಸಬೇಕಾದ ಅರ್ಥವಿವೇಕವನ್ನು ಮೊದಲು ಮನುಷ್ಯರು ದಾಖಲಿಸಿರಬೇಕು.

ಇಷ್ಟರಿಂದ ಕೆಲವು ನಿರ್ಣಯಗಳು ತಾವಾಗಿಯೇ ಹೊರಡುತ್ತವೆ. ಮೊದಲನೆಯದಾಗಿ, ಇಂಗ್ಲಿಷ್-ಕನ್ನಡ ನಿಘಂಟುಗಳು ಬೇರೆ ಬೇರೆ ದಾರಿಯಿಂದ ಬಂದ ಸಮರೂಪ ಪದಗಳನ್ನು ಬೇರೆ ಬೇರೆ ಉಲ್ಲೇಖಗಳಾಗಿ ಕೊಟ್ಟು, ಸಾಧ್ಯವಿದ್ದೆಡೆ ಅವುಗಳ ದೂರದ ಸಂಬಂಧವನ್ನೂ ಸೂಚಿಸಬೇಕು. ಎರಡನೆಯದಾಗಿ, ಕನ್ನಡ-ಕನ್ನಡ ನಿಘಂಟುಗಳು ‘ಬ್ಯಾಂಕು’, ‘ಬೆಂಚು’, ‘ಪಿಗ್ಮಿ’ಗಳಂತಹ ಪದಗಳನ್ನು ಹೊರಜಗಲಿಯಲ್ಲಿ ಕೂರಿಸಿ ಕಳುಹಿಸುವ ಅತಿಥಿಗಳಂತೆ ಕಾಣಬಾರದು. ಅವುಗಳಿಗೆ ಕನ್ನಡದಲ್ಲಿ ಹುಟ್ಟಿದ ಅರ್ಥಗಳನ್ನು ಪ್ರಯೋಗಸಹಿತ ದಾಖಲಿಸಬೇಕು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್ ಅವರ ಕೋಶವೂ 1995ರಲ್ಲಿ ಎಂಟು ಸಂಪುಟಗಳಲ್ಲಿ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟೂ ಹಾಕಿಕೊಟ್ಟ ಭದ್ರವಾದ ತಳಹದಿಯ ಮೇಲೆ ಮಾಡಬೇಕಾದ ಮುಂದಿನ ಕೆಲಸ ಇದು. ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಹೀಗೆ ಬಾಗಿಲು ತೆರೆದರೆ ಇಂಗ್ಲಿಷೆಲ್ಲವೂ ಒಳನುಗ್ಗೀತೆಂದು ಭಯಪಡುವವರ ಕಾಳಜಿ ಪ್ರಾಮಾಣಿಕವಾದುದು. ಆದರೆ ನಿಘಂಟು ಪದಗಳನ್ನು ಕರೆತರುವುದಿಲ್ಲ. ಬಂದು ನೆಲೆಸಿದವುಗಳಿಗೆ ವಿಳಾಸ ಕೊಡುತ್ತದೆ. ಪ್ರತ್ಯಯ ಹತ್ತಬೇಕು, ಜನಸಾಮಾನ್ಯರ ಬಾಯಲ್ಲಿ ಬಳಕೆಯಿರಬೇಕು, ಕನ್ನಡದಲ್ಲಿ ಸ್ವಂತ ಅರ್ಥವೋ ಸಮಾಸವೋ ಬೆಳೆದಿರಬೇಕು ಎಂಬ ಮೂರು ಪರೀಕ್ಷೆಗಳನ್ನಿಟ್ಟರೆ ಆ ಭಯಕ್ಕೆ ಆಸ್ಪದವಿರುವುದಿಲ್ಲ.

ಮೂರನೆಯದಾಗಿ, ಬಂದ ಪದಗಳಿಗಿಂತ ಹೋಗುತ್ತಿರುವ ಪದಗಳ ಚಿಂತೆ ಹೆಚ್ಚಾಗಬೇಕು. ಬೆಂಗಳೂರಿನಲ್ಲಾಗಲಿ ಹೈದರಾಬಾದಿನಲ್ಲಾಗಲಿ ಬೆಳೆಯುವ ಕನ್ನಡದ ಮಗುವಿಗೆ ‘ಬ್ಯಾಂಕು’ ಗೊತ್ತು. ಏರಿ, ಬದು, ಕರೆಗಳ ವ್ಯತ್ಯಾಸ ಗೊತ್ತಿಲ್ಲ. ಕೆರೆ ಬತ್ತಿ ಬಡಾವಣೆಯಾದಾಗ ಏರಿ ರಸ್ತೆಯಾಗುತ್ತದೆ. ಪದ ಬಸ್ ನಿಲ್ದಾಣದ ಹೆಸರಾಗಿ ಉಳಿಯುತ್ತದೆ, ಅರ್ಥ ಹೋಗುತ್ತದೆ. ಸುಂಕದಕಟ್ಟೆಯಲ್ಲಿ ಇಳಿಯುವ ಪ್ರಯಾಣಿಕರಲ್ಲಿ ಎಷ್ಟು ಮಂದಿಗೆ ಸುಂಕ ನೆನಪಾದೀತು? ಸಂಸ್ಥೆಗಳ ಹೆಸರುಗಳಿಗೂ ಇದೇ ಗತಿ. ವಿಜಯಾ ಬ್ಯಾಂಕು 2019ರಲ್ಲಿಯೂ ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿಯೂ ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದವು. ಆ ಹೆಸರುಗಳ ಸುತ್ತ ಮೂರು ತಲೆಮಾರು ಆಡಿದ ಮಾತುಗಳನ್ನು ಈಗಲೇ ಬರೆದಿಡದಿದ್ದರೆ ಮುಂದೆ ಅವು ದೊರೆಯಲಾರವು.

ಈ ಕೆಲಸಕ್ಕೆ ಹೊರನಾಡಿನ ಕನ್ನಡ ವಿಭಾಗಗಳು ವಿಶೇಷವಾಗಿ ಯೋಗ್ಯವಾಗಿವೆ. ಮುಂಬಯಿ, ಪುಣೆಗಳ ವಿದ್ಯಾರ್ಥಿಗೆ ಮರಾಠಿಯ ‘ಪೇಢಿ’ ಮತ್ತು ‘ಬಾಕ’, ಚೆನ್ನೈಯ ವಿದ್ಯಾರ್ಥಿಗೆ ತಮಿಳಿನ ‘ಏರಿ’ ಮತ್ತು ‘ನಿಧಿ’ ಮನೆಯಂಗಳದ ಪದಗಳು. ಹೊರನಾಡಿನಲ್ಲಿ ಕನ್ನಡ ಓದುವುದನ್ನು ಉಳಿಸಿಕೊಳ್ಳುವ ಹೋರಾಟವೆಂದು ಮಾತ್ರ ಭಾವಿಸುವುದು ಸಲ್ಲದು. ಎರಡು ಮೂರು ಭಾಷೆಗಳ ನಡುವೆ ನಿಂತವನಿಗೆ ಮಾತ್ರ ಕಾಣುವ ಸಂಗತಿಗಳುಂಟು. ಪ್ರತಿ ವಿದ್ಯಾರ್ಥಿಯೂ ತನ್ನ ಓಣಿಯ, ತನ್ನ ಮನೆಯವರ ವೃತ್ತಿಯ ಇಪ್ಪತ್ತೋ ಮೂವತ್ತೋ ಪದಗಳನ್ನು ಅವುಗಳ ಎಲ್ಲ ಅರ್ಥಗಳೊಡನೆ ಸಂಗ್ರಹಿಸಿದರೆ ಹತ್ತು ವರ್ಷಗಳಲ್ಲಿ ಯಾವ ವಿಶ್ವವಿದ್ಯಾಲಯದ ಅನುದಾನವೂ ಕೊಡಲಾರದ ಭಂಡಾರವೊಂದು ನಿರ್ಮಾಣವಾದೀತು.

ನೀರು ಹರಿದುಹೋಗದಂತೆ ಹಿಂದಿನವರು ಕಟ್ಟೆ ಕಟ್ಟಿದರು. ಆ ಕಟ್ಟೆಯ ಮೇಲೆಯೇ ಕುಳಿತು ಮಾತನಾಡಿದರು. ಮಾತೂ ನೀರಿನಂತೆ ಹರಿದುಹೋಗುವಂಥದು. ಅದಕ್ಕೆ ನಿಘಂಟೇ ಕಟ್ಟೆ.